ಘಟ್ಟದ ಮೇಲೆ ಮತ್ತು ಕೆಳಗೆ: ಕುದುರೆಮುಖ ಗಣಿ ನಿಂತ ಬಳಿಕ ಮನೆಗಳ ಮೌಲ್ಯ

ಮನೆಗಳ ಬೆಲೆ ಕುಸಿತವನ್ನು ಸಾಮಾನ್ಯವಾಗಿ ಮಹಾನಗರಗಳ ವಿದ್ಯಮಾನವೆಂದು ಭಾವಿಸಲಾಗುತ್ತದೆ. ಆದರೆ ಒಂದೇ ಆರ್ಥಿಕ ಆಘಾತವು ಕರಾವಳಿಗೂ ಮಲೆನಾಡಿಗೂ ಏಕಕಾಲದಲ್ಲಿ ತಗುಲಿದಾಗ ಎರಡು ಕಡೆ ಮನೆಯ ಮೌಲ್ಯ ಎರಡು ಬಗೆಯಾಗಿ ಬದಲಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ, ಕಳಸ, ಹೊರನಾಡು ಪ್ರದೇಶವನ್ನು ದಕ್ಷಿಣ ಕನ್ನಡದ ಪಣಂಬೂರಿನೊಡನೆ ಹೋಲಿಸಿದಾಗ ಈ ಅಂಶ ಸ್ಪಷ್ಟವಾಗುತ್ತದೆ.

ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಗೊಂಡಿತು. ಘಟ್ಟದ ಮೇಲೆ ಅಗೆದು ಸಂಸ್ಕರಿಸಿದ ಅದಿರು ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ನೀರಿನೊಡನೆ ಪಣಂಬೂರಿಗೆ ಇಳಿಯುತ್ತಿತ್ತು. ಅಲ್ಲಿ ಉಂಡೆ ಕಟ್ಟುವ ಘಟಕವೂ ನವ ಮಂಗಳೂರು ಬಂದರೂ ಇದ್ದವು. 1987ರಲ್ಲಿ ಸುತ್ತಲಿನ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಹೀಗೆ ಒಂದೇ ಉದ್ಯಮದ ಮೇಲ್ತುದಿ ಮುಚ್ಚಿತು; ಕೆಳತುದಿ ಹೊರಗಿನ ಅದಿರನ್ನು ತರಿಸಿಕೊಂಡು ಉಳಿಯಲು ಯತ್ನಿಸಿತು.

ಕುದುರೆಮುಖ ಪಟ್ಟಣದ ವಸತಿಗೃಹಗಳು ಕಂಪನಿಯ ಸ್ವತ್ತು. ನೌಕರನ ಕೈಯಲ್ಲಿ ಕ್ರಯಪತ್ರವಿರಲಿಲ್ಲ. ಆದುದರಿಂದ ಗಣಿ ನಿಂತಾಗ ಅವನು ಆಶ್ರಯವನ್ನು ಕಳೆದುಕೊಂಡನೇ ಹೊರತು ಮನೆಯಲ್ಲಿ ಹೂಡಿದ ಬಂಡವಾಳವನ್ನಲ್ಲ. ಬಂಡವಾಳದ ನಷ್ಟ ಬೇರೆಯವರ ಪಾಲಿಗೆ ಬಂದಿತು. ಗಣಿಯ ಸಂಬಳವನ್ನು ನಂಬಿ ಸಂಸೆ, ಕಳಸಗಳಂತಹ ನೆರೆಯ ಊರುಗಳಲ್ಲಿ ಅಂಗಡಿಯನ್ನೋ ಬಾಡಿಗೆಯ ಮನೆಯನ್ನೋ ಕಟ್ಟಿಸಿದ್ದವರಿಗೆ, ಬಾಡಿಗೆಗೆ ಬರುವವರೂ ಮುಂದೆ ಕೊಳ್ಳುವವರೂ ಒಟ್ಟಿಗೇ ದೂರವಾದರು.

ಈ ಆಘಾತಕ್ಕೆ ಮುನ್ನವೇ ಇನ್ನೊಂದು ಸಂಕಟ ಮಲೆನಾಡನ್ನು ಆವರಿಸಿತ್ತು. ತೊಂಬತ್ತರ ದಶಕದಲ್ಲಿ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆ ಕೊನೆಗೊಂಡು ಬೆಳೆಗಾರರು ನೇರವಾಗಿ ಜಾಗತಿಕ ಮಾರುಕಟ್ಟೆಗೆ ತೆರೆದುಕೊಂಡಿದ್ದರು. ವಿಯೆಟ್ನಾಮಿನ ಉತ್ಪಾದನೆ ಹೆಚ್ಚಿದಂತೆ 2001–02ರ ವೇಳೆಗೆ ಕಾಫಿಯ ಧಾರಣೆ ನೆಲಕಚ್ಚಿತು. ಕಾಫಿ ನಾಡಿನಲ್ಲಿ ಮನೆ ಪ್ರತ್ಯೇಕ ಸರಕಲ್ಲ. ತೋಟದ ಮನೆ, ಕಣ, ಗೋದಾಮು, ಕೂಲಿಕಾರರ ಲೈನ್ ಮನೆಗಳು ತೋಟದೊಡನೆಯೇ ಕೈಬದಲಾಗುತ್ತವೆ. ಹೀಗಾಗಿ ಮನೆಯ ಬೆಲೆ ಇಳಿದರೆ ಅದು ಎಕರೆಯ ಬೆಲೆಯೊಳಗೆ ಅಡಗಿಹೋಗುತ್ತದೆ.

ಪಣಂಬೂರು, ಸುರತ್ಕಲ್ ಪರಿಸರದ ಸ್ಥಿತಿ ಭಿನ್ನ. ಅಲ್ಲಿ ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಸಂಸ್ಕರಣಾಗಾರ, ತಾಂತ್ರಿಕ ವಿದ್ಯಾಸಂಸ್ಥೆಗಳು ಒಂದೇ ವಲಯದಲ್ಲಿವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಹಣವೂ ಮನೆ, ನಿವೇಶನಗಳಿಗೆ ಹರಿಯುತ್ತದೆ. ಒಬ್ಬ ಉದ್ಯೋಗದಾತ ಹಿಂದೆ ಸರಿದರೂ ಮನೆಗೆ ಬೇರೆ ಗಿರಾಕಿ ದೊರೆಯುವ ಸಾಧ್ಯತೆ ಉಳಿಯುತ್ತದೆ. ಆದರೆ ಕರಾವಳಿಯೂ ಏಕರೂಪವಲ್ಲ. ಉಳ್ಳಾಲದಂತಹ ಕಡೆ ಕಡಲ್ಕೊರೆತವು ಮನೆಯೊಡನೆ ಅದರ ಅಡಿಯ ನೆಲವನ್ನೂ ಒಯ್ಯುತ್ತದೆ. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮಗಳು ತೀರದಂಚಿನ ಹೊಸ ನಿರ್ಮಾಣವನ್ನು ನಿರ್ಬಂಧಿಸುತ್ತವೆ. ಆದ್ದರಿಂದ ಅಲೆಗೆ ಹತ್ತಿರದ ಮನೆಗೂ ಕೆಲವೇ ಫರ್ಲಾಂಗು ಒಳಗಿನ ಮನೆಗೂ ಬೆಲೆಯ ಅಂತರ ಬೆಳೆಯುತ್ತದೆ. ಘಟ್ಟದಲ್ಲಿ ಇದೇ ಪಾತ್ರವನ್ನು ಇಳಿಜಾರು ವಹಿಸುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಂತಹ ಊರುಗಳಲ್ಲಿ ಗುಡ್ಡ ಕುಸಿದು ಮನೆ, ತೋಟಗಳೆರಡೂ ನಾಶವಾದವು.

ಇಳಿಕೆಯನ್ನು ಅಳೆಯುವ ವಿಧಾನವೂ ವಿಚಾರಾರ್ಹ. ನೋಂದಣಿಗೆ ಆಧಾರವಾದ ಸರ್ಕಾರಿ ಮಾರ್ಗಸೂಚಿ ದರ ಮಾರುಕಟ್ಟೆ ಕುಸಿದೊಡನೆ ಕುಸಿಯುವುದಿಲ್ಲ. ವ್ಯವಹಾರ ವಿರಳವಾದ ಮಲೆನಾಡಿನಲ್ಲಿ ಮಾಲೀಕನು ಕಡಿಮೆ ಬೆಲೆಗೆ ಮಾರುವ ಬದಲು ಕಾಯುತ್ತಾನೆ. ಅಲ್ಲಿ ಇಳಿಕೆ ಅಂಕಿಗಳಾಗಿ ಅಲ್ಲ, ಬೀಗ ಹಾಕಿದ ಬಾಗಿಲುಗಳಾಗಿ, ತಗ್ಗಿದ ಬಾಡಿಗೆಯಾಗಿ ಕಾಣಿಸಿಕೊಳ್ಳುತ್ತದೆ. ಸಾಲದ ಕಂತಿಗಾಗಿ, ಚಿಕಿತ್ಸೆಗಾಗಿ ಕೂಡಲೇ ಮಾರಬೇಕಾದ ಕುಟುಂಬ ಮಾತ್ರ ಕುಸಿತದ ಪೂರ್ಣ ಭಾರವನ್ನು ಹೊರುತ್ತದೆ.

ಚೇತರಿಕೆಯೂ ಸಮಾನವಾಗಿರಲಿಲ್ಲ. ಹೊರನಾಡಿಗೆ ಅನ್ನಪೂರ್ಣೇಶ್ವರಿ ಕ್ಷೇತ್ರದ ಯಾತ್ರಿಕರು ಆಧಾರವಾದರು. ಕಳಸ, ಮೂಡಿಗೆರೆಗಳ ಅನೇಕ ತೋಟದ ಮನೆಗಳು ಹೋಮ್‌ಸ್ಟೇಗಳಾದವು. 2024ರಲ್ಲಿ ಕಾಫಿಯ ಧಾರಣೆ ಗಣನೀಯವಾಗಿ ಏರಿತು. ಆದರೆ ರಾಷ್ಟ್ರೀಯ ಉದ್ಯಾನದಿಂದ ಸುತ್ತುವರಿದ ಕುದುರೆಮುಖದ ವಸತಿಗೃಹಗಳಿಗೆ ಈ ಬೇಡಿಕೆ ತಲುಪುವ ದಾರಿಯಿರಲಿಲ್ಲ.

ಆದುದರಿಂದ ಸಮುದ್ರದಿಂದ ಇರುವ ದೂರವೊಂದೇ ಬೆಲೆಯನ್ನು ನಿರ್ಧರಿಸದು. ಊರಿನ ಜೀವನೋಪಾಯಗಳ ಸಂಖ್ಯೆ, ಮನೆಯ ಒಡೆತನದ ಸ್ವರೂಪ, ನೆಲದ ಭದ್ರತೆ ಈ ಮೂರನ್ನೂ ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ. ಉದ್ಯಮಗಳು ಮುಚ್ಚುವಾಗ ಪರಿಹಾರವನ್ನು ನೌಕರರಿಗಷ್ಟೇ ಸೀಮಿತಗೊಳಿಸಿದರೆ, ಅಥವಾ ನಷ್ಟವನ್ನು ಮಾರ್ಗಸೂಚಿ ದರದಿಂದಷ್ಟೇ ಅಳೆದರೆ, ನೆರೆಯೂರಿನಲ್ಲಿ ಉಳಿತಾಯವನ್ನೆಲ್ಲ ಗೋಡೆ, ಹೆಂಚುಗಳಿಗೆ ಸುರಿದವರ ನಷ್ಟ ಯಾವ ದಾಖಲೆಗೂ ಸೇರದೆ ಉಳಿಯುತ್ತದೆ.