ನೂರರಲ್ಲಿ ಏಳು ಕಳೆದರೆ ಎಷ್ಟಜ್ಜಿ?

ಇವತ್ತು ತಾರೀಖು ಎಷ್ಟು? ನೂರರಲ್ಲಿ ಏಳು ಕಳೆದರೆ ಎಷ್ಟು? ಅದರಲ್ಲಿ ಮತ್ತೆ ಏಳು ಕಳೆಯಿರಿ. ಒಂದು ವಾಕ್ಯ ಬರೆಯಿರಿ. ಈ ಪಂಚಕೋನಗಳನ್ನು ನೋಡಿ ಹಾಗೇ ಬಿಡಿಸಿ.

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಸುಳಿವು ಹಿಡಿಯಲು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮೂವತ್ತು ಅಂಕಗಳ ಪರೀಕ್ಷೆಯಿದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯನ್ನು ಇದರೆದುರು ಕೂರಿಸಿದರೆ, ಮಿದುಳು ಗಟ್ಟಿಮುಟ್ಟಾಗಿದ್ದರೂ ಆಕೆ ಫೇಲು!

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಅಧ್ಯಯನಕ್ಕಿಳಿದ ಮೇರಿ ಗಂಗೂಲಿ ಮತ್ತು ಸಂಗಡಿಗರು ಪರೀಕ್ಷೆಯನ್ನೇ ತಿದ್ದಿದರು. ಈಗ ಬೆಳಗೋ, ಮಧ್ಯಾಹ್ನವೋ, ಸಂಜೆಯೋ ಎಂದು ಕೇಳಿದರು. ವಾಕ್ಯ ಬರೆಸುವುದನ್ನು ಬಿಟ್ಟು, ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ‘ಕಣ್ಣು ಮುಚ್ಚಿ’ ಎಂದು ಬರೆದ ಚೀಟಿ ಓದಿಸುವ ಬದಲು ತಾವೇ ಕಣ್ಣು ಮುಚ್ಚಿ, ‘ನನ್ನ ಹಾಗೆ ಮಾಡಿ’ ಎಂದರು.

ಪ್ರಶ್ನೆ ಸರಿಯಿಲ್ಲದಿದ್ದರೆ ಎರಡೂ ಕಡೆ ಪೆಟ್ಟು. ಚೆನ್ನಾಗಿರುವವರಿಗೆ ಕಾಯಿಲೆಯ ಹಣೆಪಟ್ಟಿ. ನಿಜಕ್ಕೂ ಕಾಯಿಲೆಯಿದ್ದವರಿಗೆ ‘ವಯಸ್ಸಾಯ್ತಲ್ಲ, ಅರಳುಮರಳು’ ಎಂಬ ಸಮಾಧಾನ. ಡಿಮೆನ್ಷಿಯಾಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಅಲ್ಝೈಮರ್ಸ್. ಮಿದುಳಿನಲ್ಲಿ ಅಮಿಲಾಯ್ಡ್, ಟಾವ್ ಎಂಬ ಪ್ರೋಟೀನುಗಳು ಗಂಟುಗಟ್ಟುತ್ತವೆ. ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಮೊದಮೊದಲೇ ಸೊರಗುತ್ತದೆ. ಹಾಗಾಗಿಯೇ ತಮ್ಮ ಮದುವೆಗೆ ಬಂದವರ ಹೆಸರೆಲ್ಲ ಹೇಳುವ ಅಜ್ಜಿ, ತಿಂಡಿ ತಿಂದು ಕೈತೊಳೆದ ಮೇಲೂ ‘ಇನ್ನೂ ತಿಂಡಿ ಕೊಟ್ಟಿಲ್ವಲ್ಲೇ’ ಎನ್ನುವುದು. ಇತ್ತ, ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದ ಬರುವ ಮರೆವಿಗೆ ಚಿಕಿತ್ಸೆಯುಂಟು. ಅರಳುಮರಳೆಂದು ಕೈಬಿಟ್ಟರೆ ಅದೂ ತಪ್ಪುತ್ತದೆ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಓದು ಕಡಿಮೆಯಾದಷ್ಟೂ ಅಪಾಯ ಹೆಚ್ಚೆನ್ನುತ್ತಾರೆ ತಜ್ಞರು. ಆದರೆ ಓದೊಂದೇ ಮಿದುಳಿಗೆ ಕಸರತ್ತೇ? 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನ 648 ರೋಗಿಗಳ ಅಧ್ಯಯನ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರವಿತ್ತು. ಭಾಷೆ ಕಾಯಿಲೆಯನ್ನು ತಡೆಯುತ್ತದೆಂದು ಇದರರ್ಥವಲ್ಲ. ಬರುವುದನ್ನು ಒಂದಿಷ್ಟು ಮುಂದೂಡಬಹುದೇನೋ, ಅಷ್ಟೆ.

ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಮಾವು ಬೆಳೆಗಾರರ ಸೀಮೆಯದು.