ಮನೆಯೊಳಗಿನ ಕಾಯಕ: ರೊಟ್ಟಿ, ಹಿತ್ತಲು ಮತ್ತು ಕೌದಿ

ಕಳೆದ ವರ್ಷ ನಮ್ಮ ತಾಯಿಯವರು ಲಿಂಗೈಕ್ಯರಾದರು. ಕ್ರಿಯಾವಿಧಿಗಳು ಮುಗಿದ ಮೇಲೆ ಅವರ ಕಬ್ಬಿಣದ ಟ್ರಂಕನ್ನು ತೆರೆದೆವು. ಒಗೆದು ಮಡಿಚಿಟ್ಟ ಆರು ಹಳೆಯ ಇಳಕಲ್ ಸೀರೆಗಳು, ನಮ್ಮ ತಂದೆಯವರ ಎರಡು ಧೋತರಗಳು, ಒಂದು ದಾರದ ಉಂಡೆ ಹಾಗೂ ಆ ಉಂಡೆಗೆ ಚುಚ್ಚಿದ ಉದ್ದನೆಯ ಸೂಜಿ ಅದರಲ್ಲಿದ್ದವು. ಗರ್ಭಿಣಿಯಾಗಿದ್ದ ಮೊಮ್ಮಗಳ ಮಗುವಿಗೆ ಕೌದಿ ಹೊಲಿಯಬೇಕೆಂದು ಅವರು ಅವನ್ನು ಕೂಡಿಸಿಟ್ಟಿದ್ದರು. ಮನೆಯಲ್ಲಿ ಅಂದು ಹನ್ನೆರಡು ಜನ ಇದ್ದೆವು. ಒಬ್ಬರಿಗೂ ಕೌದಿ ಹೊಲಿಯಲು ಬರುತ್ತಿರಲಿಲ್ಲ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದಾಗ ಹಾಕಿಬಿಡಿರೆಂದು ಬಂಧುಗಳೊಬ್ಬರು ಸಲಹೆಯಿತ್ತರು.

ಆ ಮಾತು ನನಗೆ ನಾಟಿತು. ಹಲವು ವರ್ಷಗಳಿಂದ ಶರಣರ ಕಾಯಕ ತತ್ತ್ವವನ್ನು ಕುರಿತು ವೇದಿಕೆಗಳಲ್ಲಿ ಮಾತನಾಡುತ್ತ ಬಂದವನು ನಾನು. ಆದರೆ ಆ ಸೂಜಿಗೆ ದಾರ ಪೋಣಿಸಿ ಒಂದು ಸಾಲು ಹೊಲಿಯುವುದು ನನ್ನ ಕೈಗೆ ಸಾಧ್ಯವಿರಲಿಲ್ಲ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕೈಕೆಲಸಗಳು ಒಂದೇ ತಲೆಮಾರಿನಲ್ಲಿ ಹೇಗೆ ಮರೆಯಾಗುತ್ತಿವೆ ಎಂಬುದನ್ನು ಆ ಟ್ರಂಕು ನನಗೆ ತೋರಿಸಿತು. ಅವುಗಳ ಹಿಂದಿರುವ ತಿಳಿವಳಿಕೆಯನ್ನು ವಿವರಿಸುವುದೂ, ಅವು ಉಳಿಯಬೇಕಾದರೆ ಮನೆಯಲ್ಲಿ ಏನು ಬದಲಾಗಬೇಕೆಂಬುದನ್ನು ಹೇಳುವುದೂ ಈ ಲೇಖನದ ಉದ್ದೇಶ.

ರೊಟ್ಟಿಯ ಒಳಗಿನ ಅರಿವು

ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ನಿತ್ಯದ ಆಹಾರ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರಿನಂಶ ಇರುತ್ತವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿರುವ ನಾರು ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜೋಳ, ಸಜ್ಜೆ, ರಾಗಿ, ನವಣೆಗಳು ನಗರಗಳಲ್ಲಿ ಹೊಸ ಸುದ್ದಿಯಾದವು. ನಮ್ಮ ಅಜ್ಜಿಯಂದಿರಿಗೆ ಅದು ಸುದ್ದಿಯಾಗಿರಲಿಲ್ಲ, ಊಟವಾಗಿತ್ತು.

ಅವರ ಪದ್ಧತಿಯ ಒಂದೊಂದು ಹೆಜ್ಜೆಗೂ ಕಾರಣವಿದೆ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಹರಿಯುತ್ತದೆ, ಏಕೆಂದರೆ ಗೋದಿಯಲ್ಲಿರುವಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟವು ಅರೆಬೆಂದು ಅಂಟಾಗುತ್ತದೆ. ಎಸರಿನಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದಬೇಕೆನ್ನುವುದು ಇದಕ್ಕಾಗಿ. ಬೀಸಿ ಬಹಳ ದಿನವಾದ ಹಿಟ್ಟಿಗೆ ಈ ಜಿಗಿ ಕಡಿಮೆ. ಆದ್ದರಿಂದ ವಾರಕ್ಕೆ, ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೀಸಿಸುವುದು ರೂಢಿ. ರೊಟ್ಟಿಯನ್ನು ಹಂಚಿನ ಮೇಲೆ ತೇವವೆಲ್ಲ ಆರುವವರೆಗೆ ಬಿಟ್ಟರೆ ಅದು ಖಡಕ್ ರೊಟ್ಟಿಯಾಗುತ್ತದೆ. ನೀರಿನಂಶವಿಲ್ಲದ್ದರಿಂದ ಬೂಷ್ಟು ಹಿಡಿಯದೆ ವಾರಗಟ್ಟಲೆ ಉಳಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳ ಭಕ್ತರು ಮನೆಯಲ್ಲಿ ಬಡಿದ ರೊಟ್ಟಿಗಳನ್ನು ರಾಶಿರಾಶಿಯಾಗಿ ತಂದು ಅರ್ಪಿಸಲು ಸಾಧ್ಯವಾಗಿರುವುದು ಈ ಗುಣದಿಂದಲೇ.

ರೊಟ್ಟಿಯ ಜೊತೆಗಿನ ಪದಾರ್ಥಗಳೂ ವಿಚಾರವಿಲ್ಲದೆ ಸೇರಿದವಲ್ಲ. ಅಗಸಿಯನ್ನು ಇಡಿಯಾಗಿ ನುಂಗಿದರೆ ಅದರ ಗಟ್ಟಿ ಸಿಪ್ಪೆಯಿಂದಾಗಿ ಬಹುಪಾಲು ಜೀರ್ಣವಾಗುವುದಿಲ್ಲ. ಹುರಿದು ಕುಟ್ಟಿ ಚಟ್ನಿಪುಡಿ ಮಾಡಿದಾಗ ಅದರಲ್ಲಿರುವ ಒಳ್ಳೆಯ ಕೊಬ್ಬು ದೇಹಕ್ಕೆ ದಕ್ಕುತ್ತದೆ. ಸೊಪ್ಪು ಮತ್ತು ಧಾನ್ಯಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ನಿಂಬೆಯ ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೆ ಕುಡಿಯುವ ಚಹಾ ಅದಕ್ಕೆ ಅಡ್ಡಿಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿಟ್ಟರೆ ಹಣ ಖರ್ಚಿಲ್ಲದೆ ಆರೋಗ್ಯಕ್ಕೆ ಲಾಭ.

ಹಿತ್ತಲು

ಹಿಂದೆ ಬಚ್ಚಲ ನೀರು ಬಾಳೆಗೆ, ನುಗ್ಗೆಗೆ ಹರಿಯುತ್ತಿತ್ತು. ಇಂದು ಹಿತ್ತಲಿದ್ದ ಜಾಗಕ್ಕೆ ಕಾಂಕ್ರೀಟು ಬಿದ್ದಿದೆ. ಆದರೂ ಮಾಳಿಗೆಯ ಮೇಲೋ ಬಾಲ್ಕನಿಯಲ್ಲೋ ನಾಲ್ಕು ಹಳೆಯ ಚೀಲಗಳಿಗೆ ಮಣ್ಣು ತುಂಬಲು ಎಲ್ಲರಿಗೂ ಎಡೆಯಿರುತ್ತದೆ. ಮೆಂತ್ಯ ಮತ್ತು ರಾಜಗಿರಿ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಪಲ್ಯಕ್ಕೆ ಬರುತ್ತವೆ. ಕೊತ್ತಂಬರಿಯ ಒಂದೊಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಅದನ್ನು ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು. ನುಗ್ಗೆಯ ಒಂದು ಗಟ್ಟಿ ಕೊಂಬೆಯನ್ನು ನೆಟ್ಟರೆ ಅದೇ ಗಿಡವಾಗುತ್ತದೆ. ಮೃಗಶಿರ, ಆರಿದ್ರಾ ಮಳೆಗಳ ಹೊತ್ತಿಗೆ ಹೀರೆ, ಹಾಗಲ, ಅವರೆಗಳನ್ನು ಊರಿ ಬಳ್ಳಿ ಹಬ್ಬಲು ಹಂದರ ಹಾಕಬಹುದು.

ಗಿಡಕ್ಕೆ ಬೇಕಾದ ಗೊಬ್ಬರ ಅಡುಗೆಮನೆಯಲ್ಲಿಯೇ ಇದೆ. ತಳದಲ್ಲಿ ತೂತುಗಳಿರುವ ಒಂದು ಡಬ್ಬಿಯಲ್ಲಿ ತರಕಾರಿ ಸಿಪ್ಪೆಯ ಒಂದು ಪಾಲಿಗೆ ಒಣ ಎಲೆಯ ಎರಡು ಪಾಲು ಸೇರಿಸಿ, ಮೇಲೊಂದು ಹಿಡಿ ಮಣ್ಣು ಹಾಕಿ, ವಾರಕ್ಕೊಮ್ಮೆ ಕೈಯಾಡಿಸಬೇಕು. ದುರ್ವಾಸನೆ ಬಂದರೆ ಹಸಿ ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ಒಣ ಎಲೆ ಸೇರಿಸಬೇಕು. ಎರಡು ಮೂರು ತಿಂಗಳಲ್ಲಿ ಅದು ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ.

ಬೀಜದ ಮಾತನ್ನು ವಿಶೇಷವಾಗಿ ಹೇಳಬೇಕು. ಬಳ್ಳಿಯ ಮೊದಮೊದಲ ಒಳ್ಳೆಯ ಕಾಯಿಯೊಂದನ್ನು ಕೊಯ್ಯದೆ ಬೀಜಕ್ಕೆಂದು ಬಿಡುವುದು ಹಿರಿಯರ ರೂಢಿಯಾಗಿತ್ತು. ಅದು ಬಳ್ಳಿಯಲ್ಲಿಯೇ ಒಣಗಿದ ಮೇಲೆ ಬೀಜ ಬಿಡಿಸಿ, ನೆರಳಿನಲ್ಲಿ ಆರಿಸಿ, ಹುಳ ಹಿಡಿಯದಂತೆ ಒಲೆಯ ಬೂದಿ ಬೆರೆಸಿ, ಒಣಗಿದ ಸೋರೆಬುರುಡೆಯಲ್ಲೋ ಮಣ್ಣಿನ ಗಡಿಗೆಯಲ್ಲೋ ಕಟ್ಟಿಡುತ್ತಿದ್ದರು. ಹೈಬ್ರಿಡ್ ಗಿಡದಿಂದ ತೆಗೆದ ಬೀಜದಲ್ಲಿ ತಾಯಿಗಿಡದ ಗುಣಗಳು ಒಂದೇ ತೆರನಾಗಿ ಬರುವುದಿಲ್ಲವಾದ್ದರಿಂದ ಪ್ರತಿ ವರ್ಷ ಕೊಳ್ಳಬೇಕಾಗುತ್ತದೆ. ನಾಟಿ ಬೀಜವನ್ನಾದರೋ ಪಕ್ಕದ ಮನೆಗೂ ಹಂಚಿ ನಾವೂ ಉಳಿಸಿಕೊಳ್ಳಬಹುದು. ಕೊಟ್ಟಷ್ಟೂ ಉಳಿಯುವ ಸಂಪತ್ತು ಅದು.

ಸೂಜಿ ಮತ್ತು ದಾರ

ನಮ್ಮ ಭಾಗದ ಹೊಲಿಗೆಯಲ್ಲಿ ಎರಡು ಧಾರೆಗಳಿವೆ. ಒಂದು ಸಂಭ್ರಮದ ಹೊಲಿಗೆಯಾದ ಕಸೂತಿ. ಧಾರವಾಡ ಸೀಮೆಯ ಹೆಸರು ಹೊತ್ತ ಈ ಕಲೆಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯುತ್ತಾರೆ. ಗವಂತಿ ಮತ್ತು ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಮುಂದೂ ಹಿಂದೂ ಒಂದೇ ತೆರನಾಗಿ ಕಾಣುತ್ತದೆ, ಗಂಟಿಗೆ ಎಡೆಯಿಲ್ಲ. ನೇಗಿ, ಮೆಂತೆ ಎಂಬ ಇನ್ನೆರಡು ಹೊಲಿಗೆಗಳೂ ಇವೆ. ತೇರು, ಗೋಪುರ, ಆನೆ, ತುಳಸಿಕಟ್ಟೆಗಳು ಇಳಕಲ್ ಸೀರೆಯ ಸೆರಗಿನಲ್ಲಿ ಮೂಡಿದ್ದು ಹೀಗೆ.

ಇನ್ನೊಂದು ನಿತ್ಯದ ಹೊಲಿಗೆಯಾದ ಕೌದಿ. ಹಳೆಯ ನೂಲಿನ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅಂಚುಗಳ ಮೇಲೆ ಕಲ್ಲಿಟ್ಟು, ಅದರ ಮೇಲೆ ಹರಿದ ಧೋತರ, ಅಂಗಿ, ಪರಕರಗಳ ತುಂಡುಗಳನ್ನು ಪದರಪದರವಾಗಿ ಹರಡಿ, ಮೇಲೆ ಮತ್ತೊಂದು ಸೀರೆ ಹಾಸುತ್ತಾರೆ. ಬಳಿಕ ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುವ ಸರಳ ಹೊಲಿಗೆಯಲ್ಲಿ ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಒತ್ತಾದ ಹೊಲಿಗೆಯು ಎಲ್ಲ ಪದರಗಳನ್ನೂ ಒಂದಾಗಿ ಹಿಡಿಯುವುದರಿಂದ ಬಿಡಿಯಾಗಿ ಹರಿದುಹೋಗಬಹುದಾಗಿದ್ದ ಬಟ್ಟೆಗಳು ಕೂಡಿ ಗಟ್ಟಿಯಾಗುತ್ತವೆ. ಪದರಗಳ ನಡುವೆ ನಿಂತ ಗಾಳಿಯು ಬೆಚ್ಚಗಿಡುತ್ತದೆ. ನೂರಾರು ಸಲ ಒಗೆದ ನೂಲಿನ ಬಟ್ಟೆ ಮೆತ್ತಗಾಗಿ ಬೆವರನ್ನು ಹೀರುವುದರಿಂದ ಕೂಸಿನ ಎಳೆಯ ಮೈಗೆ ಅದಕ್ಕಿಂತ ಹಿತವಾದುದು ಅಪರೂಪ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳು ಇಂದು ಕಲಾಕೃತಿಗಳೆಂದು ದೂರದ ಊರುಗಳಲ್ಲಿಯೂ ಮನ್ನಣೆ ಪಡೆದಿವೆ.

ಯಾರ ಕೆಲಸ?

ಇಷ್ಟನ್ನು ಓದಿದ ತಾಯಂದಿರು, ಅಕ್ಕಂದಿರು ಒಂದು ಪ್ರಶ್ನೆ ಕೇಳಬಹುದು: ಇದನ್ನೆಲ್ಲ ಮಾಡುವವರು ಯಾರು? ಪ್ರಶ್ನೆ ನ್ಯಾಯವಾದುದು. ದಿನವಿಡೀ ಹೊರಗೆ ದುಡಿದು ಬರುವ ಗೃಹಿಣಿಗೆ ರೊಟ್ಟಿ ಬಡಿ, ಗಿಡ ಬೆಳೆಸು, ಕೌದಿ ಹೊಲಿ ಎಂದು ಹೇಳುವುದು ಕಾಯಕದ ಉಪದೇಶವಲ್ಲ. ಅವಳ ಹೆಗಲಿಗೆ ಏರಿಸುವ ಮತ್ತೊಂದು ಹೊರೆ. ಈ ಕೈಕೆಲಸಗಳು ಮರೆಯಾದುದಕ್ಕೆ ಹೆಣ್ಣುಮಕ್ಕಳ ಆಲಸ್ಯ ಕಾರಣವೆಂದು ಕೆಲವರು ದೂರುತ್ತಾರೆ. ಅದು ಸರಿಯಲ್ಲ. ಒಬ್ಬರೇ ಹೊತ್ತ ಭಾರ ಒಂದಲ್ಲ ಒಂದು ದಿನ ಕೆಳಗೆ ಬೀಳಲೇಬೇಕು.

ಹನ್ನೆರಡನೆಯ ಶತಮಾನದ ಶರಣರತ್ತ ನೋಡೋಣ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ರಾಮಿತಂದೆಯವರು ಸೂಜಿಯ ಕಾಯಕವನ್ನು ತಮ್ಮ ಹೆಸರಿನೊಡನೆಯೇ ಹೊತ್ತರು. ಕೈಕೆಲಸ ಗಂಡಿನದು, ಹೆಣ್ಣಿನದು ಎಂಬ ಗೆರೆಯನ್ನು ಎಳೆದವರು ನಾವು, ಶರಣರಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆ ಮನೆಯಲ್ಲಿ ದುಡಿಮೆಯೂ ವಿವೇಕವೂ ಇಬ್ಬರದಾಗಿದ್ದವು.

ಈ ಪ್ರಸಂಗದಿಂದ ಇಂದಿನ ಮನೆಗೆ ಮೂರು ಅಳತೆಗಳು ದೊರೆಯುತ್ತವೆ. ಮೊದಲನೆಯದು, ಬೇಕಾದಷ್ಟು ಮಾತ್ರ. ತಿನ್ನುವವರಿಲ್ಲದ ಹತ್ತು ಭರಣಿ ಉಪ್ಪಿನಕಾಯಿಯೂ ಸಂಗ್ರಹವೇ. ಎರಡನೆಯದು, ಹಂಚಿಕೆ. ಮನೆಯಲ್ಲಿ ಬೆಳೆದ ಸೊಪ್ಪಿನ ಒಂದು ಕಟ್ಟು ನೆರೆಯವರಿಗೂ ಹೋಗಲಿ. ಮೂರನೆಯದು, ದುಡಿಮೆಯ ಹಂಚಿಕೆ. ಮನೆಯ ಪ್ರತಿಯೊಬ್ಬರೂ ಒಂದೊಂದು ಕೈಕೆಲಸವನ್ನು ತಮ್ಮದೆಂದು ಒಪ್ಪಿಕೊಳ್ಳಲಿ. ಗೊಬ್ಬರದ ಡಬ್ಬಿ ತಂದೆಯದಾಗಲಿ, ಚೀಲದ ಗಿಡಗಳು ಮಕ್ಕಳವಾಗಲಿ, ಭಾನುವಾರದ ರೊಟ್ಟಿ ಮಗನದಾಗಲಿ, ಹರಿದ ಗುಂಡಿಯನ್ನು ಅವರವರೇ ಹಚ್ಚಿಕೊಳ್ಳಲಿ. ಎಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂಬ ಹಟ ಬೇಡ. ರೊಟ್ಟಿ ಬಡಿದು ಬದುಕು ಕಟ್ಟಿಕೊಂಡ ಸೋದರಿಯರಿಂದ ರೊಟ್ಟಿಯನ್ನೂ, ನೇಕಾರರಿಂದ ಖಣವನ್ನೂ ಕೊಳ್ಳುವುದು ಇನ್ನೊಬ್ಬರ ಕಾಯಕಕ್ಕೆ ಸಲ್ಲಿಸುವ ಗೌರವವೇ ಆಗಿದೆ.

ಕೊನೆಗೆ ಆ ಟ್ರಂಕಿನ ಮಾತು. ಸೀರೆಗಳನ್ನು ನಾವು ಪಾತ್ರೆಗೆ ಹಾಕಲಿಲ್ಲ. ನಮ್ಮ ಓಣಿಯ ಹಿರಿಯ ತಾಯಿಯೊಬ್ಬರನ್ನು ಬೇಡಿಕೊಂಡೆವು. ಎಪ್ಪತ್ತು ದಾಟಿದ ಅವರು ಬಂದು ಪಡಸಾಲೆಯಲ್ಲಿ ಸೀರೆ ಹಾಸಿಸಿದರು. ನಾನು, ನನ್ನ ಧರ್ಮಪತ್ನಿ, ಮಗ ಹಾಗೂ ತುಂಬು ಬಸುರಿಯಾದ ಮಗಳು ನಾಲ್ಕೂ ಮೂಲೆಗಳಲ್ಲಿ ಕುಳಿತೆವು. ಮೊದಲ ದಿನ ನಾನು ಹೊಲಿದ ಸಾಲನ್ನು ನೋಡಿ ಆ ತಾಯಿಯವರು, "ಇದೇನ್ರೀ ಅಣ್ಣಾರ, ಹಾವು ಹರದಂಗ ಆಗೇತಿ" ಎಂದು ನಕ್ಕರು. ಬಿಚ್ಚಿ ಮತ್ತೆ ಹೊಲಿಯಲೇ ಎಂದು ಕೇಳಿದೆ. "ಬ್ಯಾಡ್ರಿ, ಇರಲಿ. ಯಾರ ಕೈ ಅಂತ ಕೂಸಿಗೆ ಗೊತ್ತಾಗಲಿ" ಎಂದರು.

ಹನ್ನೊಂದು ಸಂಜೆಗಳಲ್ಲಿ ಕೌದಿ ಮುಗಿಯಿತು. ಈಗ ಮೊಮ್ಮಗಳು ಅದರ ಮೇಲೆ ಮಲಗುತ್ತಾಳೆ. ಒಂದು ಅಂಚಿನಲ್ಲಿ ನನ್ನ ಡೊಂಕು ಸಾಲು ಹಾಗೆಯೇ ಇದೆ. ನಮ್ಮ ತಾಯಿಯವರ ಸೂಜಿಯನ್ನು ಮಗ ಕೇಳಿ ಇಸಿದುಕೊಂಡಿದ್ದಾನೆ.

ತಮ್ಮ ಮನೆಯಲ್ಲಿಯೂ ಇಂತಹ ಒಂದು ಟ್ರಂಕು ಇರಬಹುದು. ಅದರ ವಿದ್ಯೆಯನ್ನು ಬಲ್ಲ ಹಿರಿಯರೊಬ್ಬರು ಇನ್ನೂ ನಮ್ಮ ನಡುವೆ ಇರಬಹುದು. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು ಕಲಿಯಬೇಕೆಂದು ಸದ್ಭಕ್ತರೆಲ್ಲರಲ್ಲಿ ವಿನಂತಿ.