ಕಾರಣದ ಶೋಧ

ರೋಗವನ್ನು ಅರಿಯದೆ ಔಷಧವನ್ನು ಕೊಡಬಾರದೆಂಬುದು ವೈದ್ಯರು ಕಲಿಯುವ ಮೊದಲ ಪಾಠ. ಈ ಮಾತು ಮನುಷ್ಯದೇಹಕ್ಕೆ ಹೇಗೋ ಯಂತ್ರಕ್ಕೂ ಹಾಗೆಯೇ ಅನ್ವಯಿಸುತ್ತದೆ. ಆದರೆ ಯಂತ್ರವೊಂದು ಕೆಟ್ಟು ನಿಂತಾಗ ನಾವು ಕಾರಣವನ್ನು ಹುಡುಕುವ ಮುನ್ನವೇ ಪರಿಹಾರಕ್ಕೆ ಕೈಹಾಕುತ್ತೇವೆ. ಈ ಅವಸರದ ಅಪಾಯವನ್ನು ನಾನು ಅರಿತುಕೊಂಡದ್ದು ನನ್ನ ಲ್ಯಾಪ್‌ಟಾಪಿನಿಂದ.

ನಿವೃತ್ತನಾದ ಮೇಲೆ ನಮ್ಮ ಸೀಮೆಯ ರೈತರ ಬಾಯಲ್ಲಿದ್ದ ಬೇಸಾಯದ ಮಾತುಗಳನ್ನು ಕಲೆಹಾಕಿ, ಪದಕೋಶವೊಂದನ್ನು ಆ ಯಂತ್ರದಲ್ಲಿ ಸಿದ್ಧಪಡಿಸುತ್ತಿದ್ದೆ. ಕೂರಿಗೆ, ಕುಂಟೆ, ಮೇಟಿ ಮೊದಲಾದವುಗಳ ಒಂದೊಂದು ಭಾಗಕ್ಕೂ ಇದ್ದ ಹೆಸರನ್ನು ನನಗೆ ಹೇಳಿಕೊಟ್ಟ ಹಿರಿಯರಲ್ಲಿ ಹಲವರು ಈಗ ಇಲ್ಲ. ಆ ಬರಹಕ್ಕೆ ಬೇರೆಡೆ ಪ್ರತಿಯನ್ನು ಇರಿಸಿರಲಿಲ್ಲ. ಹೀಗಿರಲು ಒಂದು ಸಂಜೆ, ಬರೆಯುತ್ತಿದ್ದಂತೆಯೇ ಪರದೆ ಥಟ್ಟನೆ ಕತ್ತಲಾಯಿತು. ಗುಂಡಿಯನ್ನು ಒತ್ತಿದಾಗ ಯಂತ್ರ ಮತ್ತೆ ಎಚ್ಚೆತ್ತಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪುನಃ ಆರಿಹೋಯಿತು.

ಸಲಹೆಗಳಿಗೆ ಬರವಿರಲಿಲ್ಲ. ನೆರೆಯವರು ವೈರಸ್ ಎಂದರು. ಅಂಗಡಿಯವನು, "ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡೋಣ, ಸಾರ್" ಎಂದನು. ನಾನು ನನ್ನ ಊಹೆಯಂತೆ ಇತ್ತೀಚೆಗೆ ಸೇರಿಸಿದ್ದ ತಂತ್ರಾಂಶವೊಂದನ್ನು ತೆಗೆದುಹಾಕಿದೆ. ಎರಡು ದಿನ ಯಂತ್ರ ನಿಲ್ಲಲಿಲ್ಲ. ಕಾರಣ ಸಿಕ್ಕಿತೆಂದು ಹಿಗ್ಗಿದೆ. ಮೂರನೆಯ ದಿನ ಅದು ಮತ್ತೆ ನಿಂತಿತು. ಯೋಚಿಸಿ ನೋಡಿದರೆ, ಆ ಎರಡು ದಿನ ಮಳೆ ಹಿಡಿದು ತಂಪಾಗಿತ್ತು. ನಾನೂ ಹೆಚ್ಚು ಹೊತ್ತು ಬರೆದಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ.

ಕಂಪ್ಯೂಟರ್ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ವಾರ ಮನೆಗೆ ಬಂದಳು. ಅವಳು ಮೊದಲು ಮಾಡಿದ ಕೆಲಸವೆಂದರೆ ಪದಕೋಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡದ್ದು. "ಇದನ್ನು ಮೊದಲು ಕಾಪಾಡೋಣ ಮೇಷ್ಟ್ರೇ, ಯಂತ್ರದ ವಿಚಾರ ಆಮೇಲೆ" ಎಂದಳು. ಬಳಿಕ ವೈದ್ಯರಂತೆ ಪ್ರಶ್ನೆಗಳನ್ನು ಕೇಳತೊಡಗಿದಳು. ಎಷ್ಟು ಹೊತ್ತಿನ ಮೇಲೆ ನಿಲ್ಲುತ್ತದೆ? ವಿದ್ಯುತ್ತಿಗೆ ಜೋಡಿಸಿದ್ದಾಗಲೂ ನಿಲ್ಲುತ್ತದೆಯೇ? ನಿಲ್ಲುವಾಗ ಪರದೆಯ ಮೇಲೆ ಏನಾದರೂ ಬರಹ ಕಾಣುತ್ತದೆಯೇ?

ವಿಂಡೋಸ್ ತನ್ನಲ್ಲಿ ನಡೆಯುವ ಘಟನೆಗಳಿಗೆ ದಿನಚರಿಯೊಂದನ್ನು ಇಟ್ಟಿರುತ್ತದೆ. ಈವೆಂಟ್ ವ್ಯೂವರ್ ಎಂಬ ಸಾಧನದಿಂದ ಅವಳು ಅದನ್ನು ತೆರೆದಳು. ಯಂತ್ರ ನಿಂತ ಪ್ರತಿ ಸಲವೂ 'ಕರ್ನಲ್-ಪವರ್ 41' ಎಂಬ ದಾಖಲೆ ಇತ್ತು. "ಇದೇ ಕಾರಣವಲ್ಲವೇ?" ಎಂದೆ. ಅವಳು ನಕ್ಕಳು. ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ನಿಂತಿತ್ತೆಂಬುದನ್ನು ಮಾತ್ರ ಆ ದಾಖಲೆ ತಿಳಿಸುತ್ತದೆ. ಏಕೆ ನಿಂತಿತೆಂಬುದನ್ನು ಹೇಳುವುದಿಲ್ಲ. ಮರಣದ ಸುದ್ದಿಯೇ ಬೇರೆ, ಮರಣದ ಕಾರಣವೇ ಬೇರೆ.

ಕಾರಣಗಳು ಹಲವಾದರೂ ಅವುಗಳ ಲಕ್ಷಣಗಳು ಬಹುಮಟ್ಟಿಗೆ ಭಿನ್ನವಾಗಿರುತ್ತವೆ. ಯಂತ್ರದ ಅಂಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಕೆಟ್ಟಿದ್ದರೆ, ಸಾಮಾನ್ಯವಾಗಿ ಪರದೆಯ ಮೇಲೆ ದೋಷಸಂಕೇತವೊಂದು ಮೂಡುತ್ತದೆ. ಬಹುಕಾಲ ನೀಲಿಯಾಗಿದ್ದ ಈ ಪರದೆಯನ್ನು ವಿಂಡೋಸ್ 11ರಲ್ಲಿ 2025ರಲ್ಲಿ ಕಪ್ಪಾಗಿಸಲಾಯಿತು. ಪ್ರತಿ ಸಲವೂ ಅದೇ ಸಂಕೇತ ಬಂದರೆ ಡ್ರೈವರಿನ ಮೇಲೆ ಸಂಶಯ ಬಲವಾಗುತ್ತದೆ. ಸಲಕ್ಕೊಂದು ಸಂಕೇತ ಬಂದರೆ ರ‍್ಯಾಮ್ ಎಂಬ ನೆನಪಿನ ಅಂಗವನ್ನು ಪರೀಕ್ಷಿಸಬೇಕು. ಬ್ಯಾಟರಿಯಲ್ಲಿ ನಡೆಸುವಾಗ ಮಾತ್ರ ನಿಂತರೆ ಬ್ಯಾಟರಿಯನ್ನು ನೋಡಬೇಕು. ಯಾವ ಸಂಕೇತವೂ ಇಲ್ಲದೆ, ಸ್ವಲ್ಪ ಹೊತ್ತು ದುಡಿದ ಮೇಲೆ ಒಮ್ಮೆಗೇ ಆರಿದರೆ, ಮೊದಲು ಶಂಕಿಸಬೇಕಾದುದು ಬಿಸಿಯನ್ನು.

ಪ್ರೊಸೆಸರ್ ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ. ತಾಮ್ರದ ಕೊಳವೆಗಳು ಆ ಶಾಖವನ್ನು ತೆಳುವಾದ ಲೋಹದ ರೆಕ್ಕೆಗಳಿಗೆ ಸಾಗಿಸುತ್ತವೆ. ಪುಟ್ಟ ಫ್ಯಾನು ಅದನ್ನು ಹೊರಗೆ ಊದುತ್ತದೆ. ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಯಂತ್ರವು ಸುಟ್ಟುಹೋಗದಿರಲೆಂದು ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ. ನಾನು ಕೇಡೆಂದು ಬಗೆದದ್ದು ಯಂತ್ರದ ಆತ್ಮರಕ್ಷಣೆಯಾಗಿತ್ತು.

ಆದರೆ ಅವಳು ಊಹೆಯಲ್ಲಿಯೇ ನಿಲ್ಲಲಿಲ್ಲ. ಉಷ್ಣತೆಯನ್ನು ತೋರಿಸುವ ತಂತ್ರಾಂಶವನ್ನು ನಡೆಸಿ ಅಂಕಿಗಳು ಏರುವುದನ್ನು ನನಗೆ ತೋರಿಸಿದಳು. ಹಿಂಬದಿಯ ಮುಚ್ಚಳವನ್ನು ಬಿಚ್ಚಿದಾಗ ರೆಕ್ಕೆಗಳ ನಡುವೆ ಧೂಳು ಹತ್ತಿಯಂತೆ ಒತ್ತಾಗಿ ಕುಳಿತಿತ್ತು. ಸಾಲದುದಕ್ಕೆ, ನಾನು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಗಾಳಿ ಒಳಹೋಗುವ ಕಿಂಡಿಗಳನ್ನು ಕಂಬಳಿ ಮುಚ್ಚುತ್ತಿತ್ತು. ಧೂಳನ್ನು ತೆಗೆದು, ಮೇಜಿನ ಮೇಲಿಟ್ಟು, ಎರಡು ಗಂಟೆ ದುಡಿಸಿದರೂ ಅದು ನಿಲ್ಲಲಿಲ್ಲ. ಪುನಃ ಕಂಬಳಿಯ ಮೇಲಿಟ್ಟಾಗ ಅಂಕಿಗಳು ಏರತೊಡಗಿದವು. ಕಾರಣವನ್ನು ತೆಗೆದಾಗ ದೋಷ ಹೋಗಿ, ಮರಳಿ ತಂದಾಗ ದೋಷವೂ ಮರಳಿದರೆ ಮಾತ್ರ ಸಂಶಯಕ್ಕೆ ಎಡೆಯಿರುವುದಿಲ್ಲ.

ಲೋಕದ ದೊಡ್ಡ ಅವಘಡಗಳಲ್ಲಿಯೂ ಶೋಧದ ದಾರಿ ಇದೇ. 2024ರ ಜುಲೈ 19ರಂದು ವಿಂಡೋಸ್ ನಡೆಸುತ್ತಿದ್ದ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದುಬಿದ್ದವು. ಆಸ್ಪತ್ರೆ, ಬ್ಯಾಂಕುಗಳು ತತ್ತರಿಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಇಷ್ಟು ಯಂತ್ರಗಳು ಏಕಕಾಲಕ್ಕೆ ನಿಂತದ್ದು ಧೂಳಿನಿಂದಲೋ ಬಿಸಿಯಿಂದಲೋ ಆಗಿರಲಾರದು. ಅವೆಲ್ಲಕ್ಕೂ ಸಮಾನವಾದುದೊಂದು ಇರಲೇಬೇಕು. ಕ್ರೌಡ್‌ಸ್ಟ್ರೈಕ್ ಸಂಸ್ಥೆ ಆಗತಾನೆ ಕಳುಹಿಸಿದ್ದ ಒಂದು ಕಡತವೇ ಅದಾಗಿತ್ತು. 20 ಅಂಶಗಳನ್ನು ಮಾತ್ರ ಪಡೆದಿದ್ದ ತಂತ್ರಾಂಶ, ಇಲ್ಲದ 21ನೆಯದನ್ನು ಓದಲು ಹೋಗಿ, ವಿಂಡೋಸನ್ನೂ ತನ್ನೊಡನೆ ಕೆಡವಿತ್ತು.

ಮೊದಲು ಕಳೆದುಹೋಗಬಾರದುದನ್ನು ಕಾಪಾಡಬೇಕು. ಅನಂತರ ಗಮನಿಸಿ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ಪರೀಕ್ಷಿಸಬೇಕು. ಅಂಗಡಿಯವನ ಮಾತಿಗೆ ಅಂದು ತಲೆಯಾಡಿಸಿದ್ದರೆ ಯಂತ್ರದ ಧೂಳು ಒಳಗೇ ಉಳಿಯುತ್ತಿತ್ತು. ಅಳಿದುಹೋಗುತ್ತಿದ್ದುದು ಹಿರಿಯರು ಹೇಳಿಕೊಟ್ಟ ಆ ಮಾತುಗಳು.